ಎಣ್ಣೆ ಹಚ್ಚಿಕೊಂಡ ಅಳಿಯ, ಬಾರದ ಟ್ಯಾಂಕರ್

ಪುಟ್ಟೀ, ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ವಾಯ್ಸ್ ಮೆಸೇಜ್‌ನಲ್ಲಿ ಮಾತಾಡಿಬಿಡುತ್ತೇನೆ. ಉದ್ದ ಆಯಿತು ಅಂತ ಅತ್ತಿಗೆ ಬೈಯಬಾರದು. ನಿಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ನೀನು ಬರೆದ ನೀರಿನ ಟ್ಯಾಂಕರ್ ಹಾಸ್ಯ ನಾಟಕ ಓದಿದೆ. "ಬರೆಯುವಾಗ ನನಗೇ ನಗು ತಡೆಯಲಿಲ್ಲ, ಮೊದಲ ರೀಡಿಂಗ್‌ನಲ್ಲೇ ಯಾರೂ ನಗಲಿಲ್ಲ, ಯಾಕೆ ಚಿಕ್ಕಪ್ಪಾ" ಅಂತ ಕೇಳಿದ್ದೀಯ.

ಹತ್ತನೇ ರಿಹರ್ಸಲ್‌ನಲ್ಲಿ ನಗದಿದ್ದರೆ ಬಿಡು, ಅದೇ ಮಾತು ದಿನಾ ಕೇಳಿದರೆ ಯಾರು ನಗುತ್ತಾರೆ? ಮೊದಲ ಸಲವೇ ನಗಲಿಲ್ಲ ಅಂದರೆ ನೋಡಬೇಕು. ನನಗೆ ಕಂಡಿದ್ದು ಹೇಳುತ್ತೇನೆ. ನಿನ್ನ ನಾಟಕದಲ್ಲಿ ಎಲ್ಲರೂ ಜೋಕ್ ಹೇಳುತ್ತಾರೆ, ಯಾರಿಗೂ ಏನೂ ಬೇಕಾಗಿಲ್ಲ. ಸೆಕ್ರೆಟರಿ ಒಂದು, ಡ್ರೈವರ್ ಒಂದು, ವಾಚ್‌ಮನ್ ಒಂದು. ಅದರಲ್ಲೂ ಅರ್ಧ ಜೋಕು ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಸವೆದು ಹೋಗಿವೆ.

ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ' ನಾಟಕ ನೆನಪಿಸಿಕೋ. ಅದರ ಲಾಯರ್ ಅಹೋಬ್ಲು ಬಡಾಯಿ ಕೊಚ್ಚುತ್ತಾನಲ್ಲ, ನಮ್ಮನ್ನು ನಗಿಸೋಣ ಅಂತ ಕೊಚ್ಚುವುದಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಒದ್ದಾಡುತ್ತಾನೆ. ಅವನು ಒದ್ದಾಡಿದಷ್ಟೂ ನಮಗೆ ನಗು. ಅವನ ಇಂಗ್ಲಿಷ್ ಬೆರಕೆ ಮಾತೂ ಅಷ್ಟೇ, ಅದು ಅವನ ಜಂಭ. ನೀನು ಎಲ್ಲರ ಬಾಯಿಗೂ ಇಂಗ್ಲಿಷ್ ತುರುಕಿದ್ದೀಯ. ಯಾರು ಮಾತಾಡಿದರೂ ನೀನೇ ಮಾತಾಡಿದ ಹಾಗೆ ಕೇಳಿಸುತ್ತದೆ!

ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಸುಮ್ನೆ ಬಿಟ್ಟುಬಿಟ್ಟಿದ್ದೀಯ, ಸೆಕ್ರೆಟರಿ ಮನೆಗೆ ಹೊಸ ಅಳಿಯ ಬಂದಿದ್ದಾನೆ ಅಂತ. ನಿನ್ನ ನಾಟಕ ಅಲ್ಲೇ ಇದೆ ಕಣೇ. ಮದುವೆಯಾದ ಮೇಲೆ ಅಳಿಯನ ಮೊದಲ ದೀಪಾವಳಿ ಮಾಡು. ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಹಂಡೆಗೆ ಅರಿಶಿನ ಕುಂಕುಮ ಎಲ್ಲ ಆಗಿದೆ, ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬೆಳಿಗ್ಗೆ ಬೀಗರ ಮನೆಯವರೆಲ್ಲ ಕೂತಿದ್ದಾರೆ. ಅಳಿಯನ ತಲೆಗೆ ಆಗಲೇ ಎಣ್ಣೆ ಬಿದ್ದಿದೆ, ಸ್ನಾನಕ್ಕೆ ಒಂದು ಚೊಂಬು ನೀರಿಲ್ಲ. ಈಗ ಸೆಕ್ರೆಟರಿಗೆ ಏನು ಬೇಕು? ನೀರು. ಯಾರ ಹತ್ತಿರ ಇದೆ? ಹೋದ ವಾರ ಅವನೇ ಬೈದು ಕಳಿಸಿದ ಡ್ರೈವರ್ ಹತ್ತಿರ.

ಬೈದಿದ್ದು ಯಾಕೆ ಅನ್ನುವುದಕ್ಕೂ ಸರಕು ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತ್ತಲ್ಲ, 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ಸೆಕ್ರೆಟರಿ ಆ ಆದೇಶಕ್ಕೆ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾನೆ ಅನ್ನು. ಡ್ರೈವರ್ ಜಾಸ್ತಿ ಕೇಳಿದರೆ ಅದನ್ನೇ ಎತ್ತಿ ತೋರಿಸುತ್ತಾನೆ. ಡ್ರೈವರ್ ಸಮಾಧಾನವಾಗಿ, "ಆಯ್ತು ಸಾರ್, ಅಳಿಯಂದ್ರು ಆ ಪೇಪರ್‌ನಲ್ಲೇ ಸ್ನಾನ ಮಾಡ್ಲಿ" ಅಂದರೆ ಸಾಕು. ಡ್ರೈವರ್ ನಗಬಾರದು, ಕೂಗಲೂಬಾರದು.

ಆಮೇಲೆ ಏರಿಸುತ್ತಾ ಹೋಗು. ಅಳಿಯನ ಕಾಫಿ ಡ್ರೈವರ್‌ಗೆ ಹೋಗುತ್ತದೆ. ಆಮೇಲೆ ಅಳಿಯನ ಕುರ್ಚಿ. ಕೊನೆಗೆ ಆರತಿ ತಟ್ಟೆಯೂ ಟ್ಯಾಂಕರ್ ಕಡೆ ತಿರುಗುತ್ತದೆ. ಅಳಿಯ ಬಾಯಿ ಬಿಡದೆ ಟವೆಲ್ ಹೊದ್ದು ನೋಡುತ್ತಾ ಕೂತಿರಲಿ. ಅವನಿಗೆ ಇಡೀ ನಾಟಕದಲ್ಲಿ ಒಂದೇ ಡೈಲಾಗ್ ಸಾಕು, ಆರತಿ ಆದ ಮೇಲೆ: "ನನಗೆ ಎತ್ತಬೇಕಿದ್ದ ಆರತಿ ಎತ್ತಿದ್ದು ಯಾರಿಗೆ? ಟ್ಯಾಂಕರ್‌ಗೆ!" ನಗು ಬರುವ ಪದ ಕಟ್ಟಕಡೆಗೆ ಬರಬೇಕು. "ಟ್ಯಾಂಕರ್‌ಗೆ ಆರತಿ ಎತ್ತಿಬಿಟ್ಟರಲ್ಲ ನೋಡಿ" ಅಂತ ಎಳೆದರೆ ನಗು ಆಚೆ, ಮಾತು ಈಚೆ. ಇನ್ನೊಂದು, ದೊಡ್ಡ ನಗು ಬರುವ ಸಾಲಿನ ಬೆನ್ನಿಗೇ ಕಥೆಗೆ ಬೇಕಾದ ಮಾತು ಇಡಬೇಡ. ಗಲಾಟೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಜನ ನಗುವಾಗ ನಟರು ತಡೆದು ನಿಲ್ಲಬೇಕು, ನಗು ಪೂರ್ತಿ ಆರುವ ಮುಂಚೆ ಹಿಡಿಯಬೇಕು. ಅದಕ್ಕೆ ತಾಲೀಮು ಬೇಕು.

ಡ್ರೈವರ್‌ನ ಉತ್ತರ ಕರ್ನಾಟಕದ ಮಾತನ್ನು ಆಡಿಕೊಂಡಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ. ಆ ಅಣಕ ತೆಗೆದುಬಿಡು. ನಿಮ್ಮ ಬ್ಲಾಕ್‌ನಲ್ಲೇ ಹುಬ್ಬಳ್ಳಿ ಕಡೆಯವರು ಎಷ್ಟು ಜನ ಇದ್ದಾರೆ ನೋಡು. ಆ ಮಾತಿನಲ್ಲೇ ಅವನು ಸೆಕ್ರೆಟರಿಯ ಬಾಯಿ ಮುಚ್ಚಿಸಲಿ, ಆಗ ಎಲ್ಲರೂ ನಗುತ್ತಾರೆ.

ನಿಮ್ಮ ಹುಡುಗರು "ಸ್ಟೇಜ್ ಮೇಲೆ ನೋಡಿಕೊಂಡು ಸೇರಿಸ್ತೀವಿ ಅಂಕಲ್" ಅಂತಾರಂತೆ. ಬೇಡವೇ ಬೇಡ. ಮಾಸ್ಟರ್ ಹಿರಣ್ಣಯ್ಯ ಅವತ್ತಿನ ಸುದ್ದಿಯನ್ನು ವೇದಿಕೆಯಲ್ಲೇ ಸೇರಿಸಿ ಜನರನ್ನು ನಗಿಸುತ್ತಿದ್ದರು, ನಿಜ. ಅವರು ಪಳಗಿದ್ದೇ ನಾಟಕ ಕಂಪನಿಯಲ್ಲಿ. ನಿಮ್ಮವರು ಬರೆದದ್ದನ್ನು ಮರೆಯದಿದ್ದರೆ ಸಾಕು.

ಕ್ಲಬ್‌ಹೌಸ್‌ನಲ್ಲಿ ಸ್ಟ್ಯಾಂಡ್ ಮೈಕ್ ಎರಡೇ ಇರುವುದು ಅಂದೆ. ಹಾಗಾದರೆ ಓಡಾಟದ ಜಾಗದಲ್ಲಿ ಮಾತು ಇಡಬೇಡ. ನಿಂತು, ಜೋರಾಗಿ, ಫೋನ್‌ನಲ್ಲಿ ಟೈಮರ್ ಇಟ್ಟು ಓದಿಸು. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ ಅಂದರೆ ಹದಿನೈದಕ್ಕೇ ನಿಲ್ಲಿಸು, ಉಳಿದದ್ದನ್ನು ನಗು ತುಂಬುತ್ತದೆ.

ಹಾಂ, ಮರೆತಿದ್ದೆ. ಅಳಿಯನಿಗೆ ನಿಜವಾದ ಎಣ್ಣೆ ಹಚ್ಚಬೇಡಿ. ನೆಲಕ್ಕೆ ಬಿದ್ದರೆ ಜಾರುತ್ತದೆ, ನಿಮ್ಮ ನಾಟಕ ಮುಗಿದ ಕೂಡಲೇ ಚಿಕ್ಕ ಮಕ್ಕಳ ಡ್ಯಾನ್ಸ್ ಇದೆ. ತಲೆಗೆ ಸ್ವಲ್ಪ ಜೆಲ್ ಸಾಕು. ಹೊಸದಾಗಿ ಬರೆದಿದ್ದನ್ನು ಇಲ್ಲೇ ಹಾಕು, ಓದುತ್ತೇನೆ.