‘ತೆರೆಕಂಡಿತು’ ಅಂದರೆ ಎಲ್ಲಿ ಕಂಡದ್ದು?

ಗೆಳೆಯರೇ, ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಕನ್ನಡದ ಸಣ್ಣ ಬಜೆಟ್ಟಿನ, ದೊಡ್ಡ ಬ್ಯಾನರಿನ ಹಂಗಿಲ್ಲದ ಚಿತ್ರಗಳ ಪಟ್ಟಿ ಮಾಡುತ್ತಿದ್ದೇವೆ. ಹೆಸರು, ನಿರ್ದೇಶಕರು, ಭಾಷೆ ಎಲ್ಲ ಸಲೀಸು. ‘ತೆರೆಕಂಡ ವರ್ಷ’ ಅನ್ನುವ ಕಾಲಮ್ಮಿಗೆ ಬಂದಾಗ ಜಗಳ ಶುರು.

‘ತಿಥಿ’ಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದ್ದು, ಅಲ್ಲಿ ಪ್ರಶಸ್ತಿ ಬಂದದ್ದು 2015ರಲ್ಲಿ. ನಮ್ಮ ಥಿಯೇಟರುಗಳಿಗೆ ಬಂದದ್ದು 2016ರಲ್ಲಿ. ನಡುವೆ, ಇಲ್ಲಿ ಟಿಕೆಟ್ ಕೊಂಡು ಒಬ್ಬರೂ ನೋಡುವ ಮೊದಲೇ, 2015ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಆ ಪ್ರಶಸ್ತಿಗೆ ಲೆಕ್ಕ ಹಿಡಿಯುವುದು ಸೆನ್ಸಾರ್ ಪತ್ರದ ತಾರೀಕನ್ನು, ಬಿಡುಗಡೆಯನ್ನಲ್ಲ. ಹಾಗಾದರೆ ಚಿತ್ರ ತೆರೆಕಂಡದ್ದು ಯಾವಾಗ? ಲೊಕಾರ್ನೊದಲ್ಲೂ ಇದ್ದದ್ದು ತೆರೆಯೇ ಅಲ್ವಾ? ಆದರೂ ನಮ್ಮ ಪತ್ರಿಕೆಗಳಲ್ಲಿ ‘ತೆರೆಕಂಡಿತು’ ಅಂದರೆ ಶುಕ್ರವಾರ, ಪೋಸ್ಟರು, ಟಿಕೆಟ್ಟು, ಅಷ್ಟೇ.

‘ಪ್ರೀಮಿಯರ್’ ಅನ್ನೋಣ ಅಂದರೆ ಅದೂ ಕೈತಪ್ಪಿದೆ. ಚಿತ್ರೋತ್ಸವದವರಿಗೆ ಅದು ಲೋಕದಲ್ಲೇ ಮೊದಲ ಪ್ರದರ್ಶನ. ದೊಡ್ಡ ಉತ್ಸವಗಳ ಸ್ಪರ್ಧೆಗೆ ಸಾಮಾನ್ಯವಾಗಿ ಬೇರೆ ಕಡೆ ತೋರಿಸಿದ ಚಿತ್ರ ನಡೆಯುವುದಿಲ್ಲ, ಹಾಗಾಗಿ ಈ ‘ಮೊದಲು’ ಅನ್ನುವುದಕ್ಕೆ ತುಂಬಾ ಬೆಲೆ. ನಮ್ಮಲ್ಲಿ ‘ಪ್ರೀಮಿಯರ್ ಶೋ’ ಅಂದರೆ ಬಿಡುಗಡೆಯ ಹಿಂದಿನ ರಾತ್ರಿ ಜಾಸ್ತಿ ದುಡ್ಡಿನ ಆಟ. ಟಿವಿಯವರದು ಇನ್ನೊಂದೇ ಪ್ರೀಮಿಯರ್, ಭಾನುವಾರ ಸಂಜೆಯದು.

ಇನ್ನು ನಮ್ಮ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. 1977ರ ಚಿತ್ರ. ಸರಿಪಡಿಸಿದ ಪ್ರತಿಯನ್ನು 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಇದಕ್ಕೆ ‘ಮರುಬಿಡುಗಡೆ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮರುಬಿಡುಗಡೆ ಅಂದರೆ ಹಳೇ ರಾಜ್‌ಕುಮಾರ್ ಪಿಕ್ಚರ್ ಮತ್ತೆ ಟಾಕೀಸಿಗೆ ಬಂದ ಹಾಗೆ. ‘ಮರುಪ್ರದರ್ಶನ’ ಅಂದರೆ ಪ್ರತಿಯನ್ನು ಸರಿಪಡಿಸಿದ ಸಂಗತಿ ಬಿಟ್ಟುಹೋಗುತ್ತದೆ.

ಮಾತಿನಲ್ಲಿ ನಮ್ಮ ಕಡೆ ಈ ತೊಡಕೇ ಇಲ್ಲ. ಪಿಕ್ಚರ್ ‘ಬಂತು’ ಅಂದರೆ ಬಿಡುಗಡೆಯಾಯಿತು. ‘ಹಾಕಿದಾರೆ’, ‘ತೋರಿಸಿದ್ರು’ ಅಂದರೆ ಯಾರೋ ಕರೆದು ಕೂರಿಸಿ ತೋರಿಸಿದರು. ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ರಂಗಸಂಸ್ಥೆಯ ಚಿತ್ರಸಮಾಜ (ಫಿಲ್ಮ್ ಸೊಸೈಟಿ) ಶುರುವಾಯಿತು. ಅಲ್ಲಿ ನೋಡಿದ ಹೊರದೇಶದ ಚಿತ್ರಗಳನ್ನು ಯಾರೂ ‘ಹೆಗ್ಗೋಡಿಗೆ ರಿಲೀಸ್ ಆಯ್ತು’ ಅನ್ನುವುದಿಲ್ಲ, ‘ತೋರಿಸಿದ್ರು’ ಅಂತಲೇ ಹೇಳುತ್ತಾರೆ. ‘ಓಡ್ತು’ ಅನ್ನುವುದು ಬೇರೆಯೇ ಭಾಗ್ಯ. (ಪತ್ರಿಕೆಯಲ್ಲಿ ‘ವಿಮರ್ಶಕರ ಮೆಚ್ಚುಗೆ ಗಳಿಸಿದ’ ಅಂತ ಕಂಡರೆ ಓಡಲಿಲ್ಲ ಅಂತ ಓದಿಕೊಳ್ಳುವ ಚಾಳಿ ನನಗೂ ಇದೆ.) ಚಿತ್ರೋತ್ಸವಕ್ಕಂತೂ ಚಿತ್ರ ‘ಹೋಗುತ್ತದೆ’, ಬರುವುದಿಲ್ಲ. ‘ತಿಥಿ’ ಲೊಕಾರ್ನೊಗೆ ಹೋಯಿತು, ಆಮೇಲೆ ಇಲ್ಲಿಗೆ ಬಂತು.

ಸದ್ಯಕ್ಕೆ ಒಂದು ಕಾಲಮ್ಮನ್ನು ಎರಡು ಮಾಡಿದ್ದೇನೆ: ‘ಮೊದಲು ತೋರಿಸಿದ್ದು’, ‘ಬಿಡುಗಡೆ’. ಮೊದಲನೆಯದು ಪಟ್ಟಿಯ ತಲೆಬರಹಕ್ಕೆ ಸಪ್ಪೆ ಅಂತ ಜೊತೆಯವರ ತಕರಾರು. ‘ಚೊಚ್ಚಲ ಪ್ರದರ್ಶನ’ ಅಂತ ಹಾಕು ಅನ್ನುತ್ತಾರೆ. ಆದರೆ ‘ಚೊಚ್ಚಲ ಚಿತ್ರ’ ಅಂದರೆ ನಿರ್ದೇಶಕರ ಮೊದಲ ಚಿತ್ರ ಅಂತ ಆಗಲೇ ಬಳಕೆಯಲ್ಲಿದೆ. ಒಂದೇ ಸಾಲಿನಲ್ಲಿ ಎರಡೂ ಬಂದರೆ ಓದುವವರು ತಬ್ಬಿಬ್ಬಾಗುತ್ತಾರೆ.

ಎರಡು ಪ್ರಶ್ನೆ. ಉತ್ಸವದಲ್ಲಿ ಮಾತ್ರ ತೋರಿಸಿದ ಚಿತ್ರಕ್ಕೆ ‘ತೆರೆಕಂಡಿತು’ ಅಂತ ಬಳಸಿದ್ದನ್ನು ಹಳೆಯ ಪತ್ರಿಕೆಗಳಲ್ಲಿ ಯಾರಾದರೂ ನೋಡಿದ್ದೀರಾ? ಸರಿಪಡಿಸಿದ ಹಳೇ ಚಿತ್ರವನ್ನು ಮತ್ತೆ ತೋರಿಸುವುದಕ್ಕೆ ನೀವೇನು ಬರೆಯುತ್ತೀರಿ? ಸಾಗರ, ತೀರ್ಥಹಳ್ಳಿ ಕಡೆಯವರು ಬಾಯಿಮಾತಿನ ಬಳಕೆ ತಿಳಿಸಿದರೂ ಸರಿ.