ಗೊಬ್ಬರಗುಂಡಿಯ ನೀಲಿ ಹಾವು: ಹುರುಪೆ ಎಣಿಸೋದಾ, ನಕ್ಷೆ ನೋಡೋದಾ?

ತೋಟದಮನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಮೊನ್ನೆ ಗೊಬ್ಬರಗುಂಡಿ ಕೆದಕುವಾಗ ಗೇಣುದ್ದದ್ದು ಒಂದು ಸಿಕ್ಕಿತು. ಎರೆಹುಳ ಅಂತ ಎತ್ತಿದರೆ ನಾಲಗೆ ಹೊರಗೆ ಹಾಕ್ತು! ಕುರುಡು ಹಾವು ನಮಗೆ ಹೊಸದಲ್ಲ, ಆದರೆ ಇದು ಕಪ್ಪಲ್ಲ, ಹಾಲು ಬೆರೆಸಿದ ನೀಲಿ. ಬೇರೆ ಜಾತಿಯಾ ಮಾರಾಯ್ರೆ?

ನಕ್ಷೆಗಾರ: ಪಶ್ಚಿಮ ಘಟ್ಟದ ಗೆರೋಪೈಲಸ್ ಅನ್ನೋ ಇನ್ನೊಂದು ಕುರುಡು ಹಾವಿನ ಕುಲದ್ದು ಇರಬಹುದು ಸರ್. ಅದು ಸಿಕ್ಕ ಜಾಗಗಳ ದಾಖಲೆ, ಮಳೆ, ಉಷ್ಣತೆ, ಎತ್ತರ ಎಲ್ಲ ಕೊಟ್ಟು ಮ್ಯಾಕ್ಸೆಂಟ್ ಅನ್ನೋ ತಂತ್ರಾಂಶದಲ್ಲಿ ಆವಾಸದ ಮಾದರಿ ಮಾಡಿದ್ದೆ. ನಿಮ್ಮ ಕಡೆಯೆಲ್ಲ ಕೆಂಪು ಬಂದಿತ್ತು, ಅಂದರೆ ಅದಕ್ಕೆ ಒಗ್ಗುವ ಜಾಗ.

ಭೂತಗನ್ನಡಿ: ತಡೀರಿ. ನೀಲಿ ಕಂಡಿದ್ದು ಪೊರೆ ಬಿಡೋ ಹೊತ್ತು ಬಂದಿರೋದಕ್ಕೆ. ನಡುಮೈ ಸುತ್ತ ಹುರುಪೆ ಎಣಿಸಿ, 20 ಸಾಲು ಇರಬೇಕು. ಮೂಗಿನ ಹುರುಪೆಯ ಸೀಳು ಕಣ್ಣಿನ ಮುಂದಿನ ಹುರುಪೆಗೆ ತಾಗಿರಬೇಕು. ಎರಡೂ ಇದ್ದರೆ ಇಂಡೋಟೈಫ್ಲಾಪ್ಸ್ ಬ್ರಾಮಿನಸ್, ನಾವೆಲ್ಲ ದಿನಾ ಕಾಣೋದೇ. ಗೆರೋಪೈಲಸ್ ಆದರೆ ತಲೆ ಮೇಲೆ ರವೆ ಉದುರಿಸಿದ ಹಾಗೆ ಗ್ರಂಥಿಯ ಚುಕ್ಕಿ ಇರುತ್ತೆ.

ನಕ್ಷೆಗಾರ: ಇನ್ನೂರು ವರ್ಷ ಹುರುಪೆ ಎಣಿಸಿ ಬಂದ ಫಲ ಏನು? 1803ರಲ್ಲಿ ಫ್ರೆಂಚ್ ವಿಜ್ಞಾನಿ ದೋದಾಂ ಈ ಬ್ರಾಮಿನಸ್ಸನ್ನು ಮಣ್ಣುಮುಕ್ಕ ಹಾವಿನ ಕುಲ ಎರಿಕ್ಸ್‌ಗೆ ಸೇರಿಸಿದ. ಆಮೇಲೆ ಕುಲದ ಹೆಸರು ಟೈಫ್ಲಾಪ್ಸ್, ರಾಂಫೋಟೈಫ್ಲಾಪ್ಸ್, 2014ರಲ್ಲಿ ಇಂಡೋಟೈಫ್ಲಾಪ್ಸ್. ಮಣ್ಣೊಳಗಿನ ಬದುಕು ಇವನ್ನೆಲ್ಲ ಒಂದೇ ಅಚ್ಚಿಗೆ ಹೊಯ್ದಿದೆ. ಪಶ್ಚಿಮ ಏಷ್ಯಾದ ಜೀರೋಟೈಫ್ಲಾಪ್ಸ್ ವರ್ಮಿಕ್ಯುಲಾರಿಸ್ ಅನ್ನೋ ಕುರುಡು ಹಾವು ಒಂದೇ ಜಾತಿ ಅಂದುಕೊಂಡಿದ್ದರು, 2020ರಲ್ಲಿ ಸಿರಿಯಾ ಕಡೆಯದ್ದು ಬೇರೆ ಜಾತಿ ಅಂತ ಆಯಿತಲ್ಲ?

ಭೂತಗನ್ನಡಿ: ಅದನ್ನು ಬೇರೆ ಮಾಡಿದ್ದು ಜೀನು ತಮ್ಮಾ, ನಕ್ಷೆ ಅಲ್ಲ.

ಹುತ್ತದಬದಿ: ನಾನೊಂದು ಹೇಳಲಾ? ಬ್ರಾಮಿನಸ್‌ಗೆ ಮಾದರಿ ಕಟ್ಟೋದು ಹೂಕುಂಡಕ್ಕೆ ಮಾದರಿ ಕಟ್ಟಿದ ಹಾಗೆ. ಎಲ್ಲವೂ ಹೆಣ್ಣೇ, ಗಂಡಿಲ್ಲದೆ ಮೊಟ್ಟೆ ಇಡುತ್ತೆ. ಸಾಮಾನ್ಯವಾಗಿ ಎರಡೆರಡು ಪ್ರತಿ ಇರೋ ವರ್ಣತಂತುಗಳು ಇದರಲ್ಲಿ ಮೂರು ಪ್ರತಿ ಅಂತ 1987ರಲ್ಲೇ ತೋರಿಸಿದ್ದಾರೆ. ಕುಂಡದ ಮಣ್ಣಲ್ಲಿ ಒಂದು ಹೋದರೆ ಸಾಕು, ಸಂಸಾರ ಶುರು. ಹವಾಯಿ, ಫ್ಲೋರಿಡಾ ಮುಟ್ಟಿದ್ದು ಹಾಗೇ. ಅಲ್ಲಿನ ದಾಖಲೆಗಳನ್ನು ಮಾದರಿಗೆ ತುಂಬಿದರೆ ತಿಳಿಯೋದು ಗಿಡ ಮಾರುವವರ ದಾರಿ, ಹಾವಿನದ್ದಲ್ಲ. ಮೇಲಾಗಿ ನಿಮ್ಮ ಹವಾಮಾನದ ಪದರ ಒಂದೊಂದು ಕಿಲೋಮೀಟರಿನ ಚೌಕ, ಗಾಳಿಯ ಉಷ್ಣತೆ. ಹಾವು ಇರೋದು ಕೊಳೆತ ದಿಮ್ಮಿ ಕೆಳಗೆ!

ನಕ್ಷೆಗಾರ: ಬ್ರಾಮಿನಸ್ ವಿಷಯದಲ್ಲಿ ಒಪ್ಪಿದೆ. ಆದರೆ ಬೆಡ್ಡೋಮೈಯಂಥ ಅಪರೂಪದ ಗೆರೋಪೈಲಸ್‌ಗೆ ಯಾವ ಕಾಡಲ್ಲಿ ದಿಮ್ಮಿ ಮಗುಚಬೇಕು ಅಂತ ಹೇಳೋರು ಯಾರು?

ಭೂತಗನ್ನಡಿ: ಹುಡುಕೋ ಜಾಗ ತೋರಿಸಲಿ, ಬೇಡ ಅನ್ನಲ್ಲ. ಹೆಸರಿಡೋಕೆ ಬರಬಾರದು. ಹತ್ತು ದಾಖಲೆ ಇಟ್ಟುಕೊಂಡು 19 ಹವಾಮಾನದ ಅಂಶ ತುಂಬಿದರೆ ಮಾದರಿ ಆ ಹತ್ತನ್ನೇ ಬಾಯಿಪಾಠ ಮಾಡುತ್ತೆ ಅಷ್ಟೆ. ಹೊರಗಿನ ಗುರುತು ಸಾಲದಿದ್ದರೆ ಒಳಗೆ ನೋಡಿ. ಶ್ವಾಸಕೋಶ, ಯಕೃತ್ತು, ಹೃದಯ ದೇಹದ ಉದ್ದದಲ್ಲಿ ಎಲ್ಲೆಲ್ಲಿ ಕೂತಿವೆ ಅನ್ನೋದನ್ನೂ ವರ್ಗೀಕರಣಕ್ಕೆ ಬಳಸಿದ್ದಾರೆ. ಈಗ ಸಿ.ಟಿ. ಸ್ಕ್ಯಾನ್ ಇದೆ, ಎಲುಬು ನೋಡೋಕೆ ಕೊಯ್ಯಲೂ ಬೇಕಿಲ್ಲ.

ತೋಟದಮನೆ: ನಿಮ್ಮ ಜಗಳದ ಮಧ್ಯೆ ಮಗಳ ಲೆನ್ಸ್ ಹಿಡಿದು ಎಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು. ಎಣ್ಣೆ ಹಚ್ಚಿದ ಹಾಗೆ ಜಾರುತ್ತೆ, ಬಾಲದ ಮುಳ್ಳಲ್ಲಿ ಚುಚ್ಚುತ್ತೆ, ನೋವೇನಿಲ್ಲ. ಮೂರನೇ ಸಲ 20. ತಲೆ ಮೇಲೆ ರವೆ ಇಲ್ಲ. ಮೂಗಿನ ಸೀಳು ನೋಡೋಕೆ ನನ್ನ ಕಣ್ಣು ಸಾಲದು, ಹತ್ತಿರದ ಫೋಟೊ ಹಾಕಿದ್ದೇನೆ. ಹಾವನ್ನು ವಾಪಸು ಗುಂಡಿಗೇ ಬಿಟ್ಟಾಯಿತು.

ಭೂತಗನ್ನಡಿ: ಸೀಳು ಕಣ್ಣಿನ ಮುಂದಿನ ಹುರುಪೆಗೇ ತಾಗಿದೆ. ಬ್ರಾಮಿನಸ್.

ಹುತ್ತದಬದಿ: ಸುಮ್ನೆ ಕೇಳ್ತೀನಿ, ಹತ್ತಿರದಲ್ಲಿ ಹೂಕುಂಡ ಏನಾದರೂ?

ತೋಟದಮನೆ: ಕಳೆದ ಮಳೆಗಾಲ ಮಗಳು ಬೆಂಗಳೂರಿಂದ ಹನ್ನೆರಡು ಆಂಥೂರಿಯಂ ಕುಂಡ ತಂದಿದ್ದಳು. ಗಿಡ ಸತ್ತವು. ಮಣ್ಣು ಸುರಿದದ್ದು ಇದೇ ಗುಂಡಿಗೆ.

ನಕ್ಷೆಗಾರ: ಈ ಜಾಗವನ್ನು ನನ್ನ ನಕ್ಷೆಗೆ ಸೇರಿಸಲ್ಲ ಸರ್.