ಕರಡಿಧಾಮದ ಹತ್ತಿರ ಚಿಮಣಿ: ಮಾಲಿನ್ಯ ಮಂಡಳಿ, ಅರಣ್ಯ ಇಲಾಖೆ, ದೆಹಲಿ – ಯಾರನ್ನು ಯಾವಾಗ ಕೇಳಬೇಕು?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯರು, ಸಂಡೂರು ತಾಲ್ಲೂಕು):
ನಮಸ್ಕಾರ ಸರ್. ದರೋಜಿ ಕರಡಿಧಾಮದಿಂದ ಆರೇಳು ಕಿ.ಮೀ. ದೂರದಲ್ಲಿ ಸ್ಪಾಂಜ್ ಐರನ್ (ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸಿ ತೆಗೆಯುವ ಕಬ್ಬಿಣ) ಘಟಕ ಬರುತ್ತದಂತೆ. ದಿನಕ್ಕೆ 190 ಟನ್ ಸಾಮರ್ಥ್ಯ. "ಏಕಗವಾಕ್ಷಿ ಸಮಿತಿಯಲ್ಲಿ ಪಾಸಾಗಿದೆ, ಇನ್ನೇನೂ ಬಾಕಿ ಇಲ್ಲ" ಅಂತಾರೆ. ಒಂದು ಕಚೇರಿಗೆ ಹೋದರೆ ಹೊಗೆ ನಮ್ಮದಲ್ಲ ಅಂತಾರೆ, ಇನ್ನೊಂದಕ್ಕೆ ಹೋದರೆ ಕಾಡು ನಮ್ಮದಲ್ಲ ಅಂತಾರೆ. ಅರ್ಜಿ ಎಲ್ಲಿ ಕೊಡಬೇಕು?

ಉತ್ತರ (ಪರಿಸರ ಎಂಜಿನಿಯರ್):
ಏಕಗವಾಕ್ಷಿ ಸಮಿತಿ ನೋಡುವುದು ಹೂಡಿಕೆ, ಜಮೀನು, ನೀರು, ಕರೆಂಟು. ಅದರ ಒಪ್ಪಿಗೆ ಯಾವ ಪರಿಸರ ಅನುಮತಿಗೂ ಬದಲಿಯಲ್ಲ. ನಿಮ್ಮ ಘಟಕದ ಹೆಸರಲ್ಲಿ ಮೂರು ಕಡತ ಇರಬೇಕು, ಮೂರೂ ಬೇರೆ ಬೇರೆ ದಾರಿಯಲ್ಲಿ ಓಡುತ್ತವೆ.

ಮೊದಲನೆಯದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ, ಅಂದರೆ ಇಸಿ. ದಿನಕ್ಕೆ 200 ಟನ್ ಅಥವಾ ಹೆಚ್ಚಿನ ಸ್ಪಾಂಜ್ ಐರನ್ ಆದರೆ 'ಎ' ವರ್ಗ, ದೆಹಲಿಯಲ್ಲಿ ತೀರ್ಮಾನ. ಅದಕ್ಕಿಂತ ಕಡಿಮೆಯಾದರೆ 'ಬಿ' ವರ್ಗ, ರಾಜ್ಯ ಪ್ರಾಧಿಕಾರದಲ್ಲಿ ತೀರ್ಮಾನ. 190 ಎಂಬ ಅಂಕಿ ಕಂಡ ಕೂಡಲೇ ಹುಬ್ಬೇರಿಸಬೇಕಾದ್ದು ಅದಕ್ಕೇ. ಆದರೆ 'ಬಿ' ವರ್ಗದ ಘಟಕವೂ ಸಂರಕ್ಷಿತ ಪ್ರದೇಶದಿಂದ 5 ಕಿ.ಮೀ. ಒಳಗೆ ಬಂದರೆ ದೆಹಲಿಗೇ ಹೋಗಬೇಕು. 2014ರ ಜೂನ್‌ವರೆಗೆ ಈ ಅಂತರ 10 ಕಿ.ಮೀ. ಇತ್ತು, ಆಮೇಲೆ ಇಳಿಸಿದರು.

ಎರಡನೆಯದು ವನ್ಯಜೀವಿ ಕಡತ. ಧಾಮದ ಪರಿಸರ ಸೂಕ್ಷ್ಮ ವಲಯ ಅಂತಿಮವಾಗಿ ಅಧಿಸೂಚನೆಯಾಗಿದ್ದರೆ ಆ ವಲಯದ ನಿಯಮ ನೋಡಿ. ಆಗಿಲ್ಲದಿದ್ದರೆ, 10 ಕಿ.ಮೀ. ಒಳಗಿನ ಇಸಿ ಬೇಕಾದ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಒಪ್ಪಿಗೆಯೂ ಬೇಕು. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ವರದಿ, ಮುಖ್ಯ ವನ್ಯಜೀವಿ ಪರಿಪಾಲಕರ ಅಭಿಪ್ರಾಯ, ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಮಂಡಳಿ, ಕೊನೆಗೆ ದೆಹಲಿ. ಹೀಗೆ ಹತ್ತುತ್ತದೆ ಆ ಕಡತ.

ಮೂರನೆಯದು 1981ರ ವಾಯು ಕಾಯ್ದೆಯ 21ನೇ ಕಲಮಿನ ಸಮ್ಮತಿ: ಕಟ್ಟುವ ಮೊದಲು ಸಿಎಫ್‌ಇ, ಓಡಿಸುವ ಮೊದಲು ಸಿಎಫ್‌ಓ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಾಲ್ಕು ತಿಂಗಳೊಳಗೆ ತೀರ್ಮಾನಿಸಬೇಕು.

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. 2024ರ ನವೆಂಬರ್ 12ರ ಕೇಂದ್ರದ ಅಧಿಸೂಚನೆಯಿಂದ, ಇಸಿ ಪಡೆದ ಕೈಗಾರಿಕೆಗೆ ಪ್ರತ್ಯೇಕ ಸಿಎಫ್‌ಇ ಬೇಕಿಲ್ಲ. ಸಿಎಫ್‌ಇ ಹಂತದಲ್ಲಿ ಮಂಡಳಿ ಹೇಳುತ್ತಿದ್ದುದನ್ನೆಲ್ಲ ಈಗ ಇಸಿ ಪರಿಶೀಲನೆ ನಡೆಯುವಾಗಲೇ ಹೇಳಿಬಿಡಬೇಕು. "ಸಿಎಫ್‌ಇಗೆ ಬರಲಿ, ಆಗ ತಕರಾರು ಹಾಕೋಣ" ಎಂದು ಕಾದು ಕುಳಿತರೆ ಮುಂದೆ ಸಿಗುವುದು ಸಿಎಫ್‌ಓ. ಅಷ್ಟರಲ್ಲಿ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ಎದ್ದು ನಿಂತಿರುತ್ತದೆ, ಬ್ಯಾಂಕಿನ ಸಾಲವೂ ಎದ್ದಿರುತ್ತದೆ.

ಹಾಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಯೋಜನೆಯ ಹೆಸರು ಹುಡುಕಿ ಪ್ರಸ್ತಾವ ಸಂಖ್ಯೆ ಬರೆದುಕೊಳ್ಳಿ. ಒಂದೇ ಪತ್ರವನ್ನು, ಆ ಸಂಖ್ಯೆ ನಮೂದಿಸಿ, ಡಿಸಿಎಫ್, ಮಂಡಳಿಯ ಪ್ರಾದೇಶಿಕ ಕಚೇರಿ, ಇಸಿ ಕೊಡುವ ಪ್ರಾಧಿಕಾರ, ಜಿಲ್ಲಾಧಿಕಾರಿ ನಾಲ್ವರಿಗೂ ಕೊಡಿ. ಪ್ರತಿಯೊಂದರಲ್ಲೂ ಉಳಿದ ಮೂವರ ಹೆಸರು 'ಪ್ರತಿ' ಎಂದು ಇರಲಿ. ಸಂಖ್ಯೆಯಿಲ್ಲದ ಪತ್ರ ಯಾವ ಕಡತಕ್ಕೂ ಸೇರುವುದಿಲ್ಲ. ಟಪಾಲು ವಿಭಾಗದಲ್ಲೇ ಮುಪ್ಪಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು):
ಆರೇಳು ಕಿ.ಮೀ. ಅಂತ ಅವರೇ ಹೇಳಿದ್ದು ಸರ್. ನಿಜವೋ ಅಲ್ಲವೋ ನಾವು ಹೇಗೆ ನೋಡೋದು?

ಉತ್ತರ (ಪರಿಸರ ಎಂಜಿನಿಯರ್):
ಮೂರು ಕಡೆ ತಪ್ಪಾಗುತ್ತದೆ. ಒಂದು, ರಸ್ತೆ ದೂರ ಕೊಟ್ಟಿರುತ್ತಾರೆ. ಬೇಕಾದ್ದು ನೇರ ದೂರ. ಎರಡು, ಕಿಲ್ನ್ ಇರುವ ಜಾಗದಿಂದ ಅಳೆದಿರುತ್ತಾರೆ. ಜಮೀನಿನ ಗಡಿಯಲ್ಲಿ ಧಾಮಕ್ಕೆ ಅತಿ ಹತ್ತಿರದ ಬಿಂದುವಿನಿಂದ ಅಳೆಯಬೇಕು. ಮೂರನೆಯದು ದರೋಜಿಗೇ ಸಂಬಂಧಿಸಿದ್ದು: 1994ರಲ್ಲಿ ಘೋಷಣೆಯಾದಾಗ ಧಾಮ ಸುಮಾರು 55.87 ಚದರ ಕಿ.ಮೀ. ಇತ್ತು. 2009ರಲ್ಲಿ ಬುಕ್ಕಸಾಗರದ ಕಡೆಯ ಅರಣ್ಯ ಸೇರಿ 82 ಚದರ ಕಿ.ಮೀ. ದಾಟಿತು. ಹಳೇ ನಕ್ಷೆ ಹಿಡಿದು ಅಳೆದರೆ ದೂರ ತಾನಾಗಿಯೇ ಹೆಚ್ಚುತ್ತದೆ.

ಪರಿವೇಶ್‌ನಲ್ಲಿ ಘಟಕದ ಗಡಿ ತೋರಿಸುವ ಡಿಜಿಟಲ್ ನಕ್ಷೆ, ಅಂದರೆ ಕೆಎಂಎಲ್ ಕಡತ, ಹಾಕಿರುತ್ತಾರೆ. ಅದನ್ನು ಗೂಗಲ್ ಅರ್ಥ್‌ನಲ್ಲಿ ತೆರೆದು ಅಳೆಯಿರಿ. ನಿಮ್ಮ ಅಳತೆ ಸಾಕ್ಷಿಯಲ್ಲ, ಪ್ರಶ್ನೆ ಕೇಳಲು ಆಧಾರ ಅಷ್ಟೆ. ಸಾಕ್ಷಿ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ದೃಢೀಕರಿಸಿದ ನಕ್ಷೆ, 10 ಕಿ.ಮೀ. ಒಳಗೆ ಧಾಮವಿದ್ದರೆ ಇಸಿಗಾಗಿ ಸಲ್ಲಿಸುವ ಪರಿಸರ ಪರಿಣಾಮ ವರದಿಯಲ್ಲಿ ಅದು ಇರಲೇಬೇಕು. ಇಲ್ಲದಿದ್ದರೆ ಅದೊಂದೇ ಕೊರತೆ ಬರೆದು ಕಳಿಸಿದರೂ ಕಡತ ವಾಪಸ್ ಹೋಗುವ ಸಾಧ್ಯತೆ ಇದೆ.

ಉತ್ತರಕ್ಕೆ ಸೇರ್ಪಡೆ (ವಕೀಲರು, ಬಳ್ಳಾರಿ):
ಗಂಗಾವತಿ, ಕಂಪ್ಲಿ ಕಡೆಯವರು ಇದನ್ನೂ ಗಮನಿಸಿ. ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು 2015ರಿಂದ ಇದೆ, ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ ಸುಮಾರು 34 ಕಿ.ಮೀ. ನದಿ. ವನ್ಯಜೀವಿ ಕಾಯ್ದೆಯ ವ್ಯಾಖ್ಯೆಯಲ್ಲಿ 'ಸಂರಕ್ಷಿತ ಪ್ರದೇಶ' ಎಂದರೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಮಾತ್ರವಲ್ಲ, ಸಂರಕ್ಷಣಾ ಮೀಸಲೂ ಬರುತ್ತದೆ. 5 ಕಿ.ಮೀ. ಲೆಕ್ಕ ಹಾಕುವಾಗ ನದಿಯನ್ನೂ ಹಿಡಿಯಿರಿ ಎಂದು ಬರೆಯಿರಿ. ಸಂಡೂರಿನವರಿಗೆ ಇನ್ನೊಂದು: ಅಭಯಾರಣ್ಯದ ಗಡಿಯಿಂದ 1 ಕಿ.ಮೀ. ಒಳಗೆ ಗಣಿಗಾರಿಕೆ ಇಲ್ಲ ಎಂಬ ಸುಪ್ರೀಂ ಕೋರ್ಟ್ ನಿಷೇಧ 2023ರ ಏಪ್ರಿಲ್ 26ರ ಆದೇಶದಲ್ಲೂ ಹಾಗೇ ಉಳಿದಿದೆ.

ಪ್ರಶ್ನೆ (ಗಿಣಿಗೇರಾ, ಕೊಪ್ಪಳ):
ಸರ್ರ, ವರದಿಯೊಳಗ ಗಾಳಿ ಎಲ್ಲಾ ಕಡೆ ಚಲೋ ಐತಿ ಅಂತ ಬರದಾರ. ನಮ್ಮ ಮನಿ ಮಾಳಗಿ ಮ್ಯಾಲ ಕೈ ಆಡಿಸಿದ್ರ ಕರೀ ಆಕ್ಕೈತಿ. ಆ ಅಂಕಿ ಹೆಂಗ ಓದಬೇಕ್ರಿ?

ಉತ್ತರ (ಪರಿಸರ ಎಂಜಿನಿಯರ್):
ಅಂಕಿಗಿಂತ ಮೊದಲು ತಿಂಗಳು ನೋಡಿರಿ. ಮಳೆಗಾಲ ಬಿಟ್ಟು ಒಂದು ಋತು ಅಳೆದರೆ ಸಾಕು ಎಂದು ನಿಯಮ. ನಮ್ಮ ಕಡೆ ಚಳಿಗಾಲದಲ್ಲಿ ಗಾಳಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬೇಸಿಗೆ ಕೊನೆಯಿಂದ ಮಳೆಗಾಲ ಮುಗಿಯುವ ತನಕ ಪಶ್ಚಿಮ, ನೈಋತ್ಯದಿಂದ. ಕೊಪ್ಪಳದ ಕಾರ್ಖಾನೆಗಳು ದರೋಜಿ ಧಾಮದ ಪಶ್ಚಿಮಕ್ಕೆ ಇವೆ, ತೋರಣಗಲ್ಲಿನವು ಪೂರ್ವ-ಆಗ್ನೇಯಕ್ಕೆ. ಡಿಸೆಂಬರ್-ಫೆಬ್ರುವರಿ ಅಳೆದ ವರದಿಯಲ್ಲಿ ಗಿಣಿಗೇರಾದ ಹೊಗೆ ಧಾಮದ ಕಡೆ ಹೋಗಿಯೇ ಇರುವುದಿಲ್ಲ. ಅಂಕಿ ಸುಳ್ಳಲ್ಲ, ಗಾಳಿ ಆ ಕಡೆ ಇರಲಿಲ್ಲ ಅಷ್ಟೆ. ವರದಿಯಲ್ಲಿ 'ವಿಂಡ್ ರೋಸ್' ಎಂಬ ದಳದ ಚಿತ್ರ ಇರುತ್ತದೆ. ಅದರ ಪಕ್ಕ ಮಾಪನ ಕೇಂದ್ರಗಳ ನಕ್ಷೆ ಇಟ್ಟು, ಗಾಳಿ ಹೋಗುವ ದಿಕ್ಕಿನಲ್ಲಿ ಎಷ್ಟು ಕೇಂದ್ರ ಇವೆ ಎಣಿಸಿರಿ. ಧಾಮದ ಅಂಚಿನಲ್ಲಿ ಒಂದೂ ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಆಮೇಲೆ ಅಂಕಿ. 2009ರ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ 10 (ಸಣ್ಣ ಧೂಳಿನ ಕಣ) ವಾರ್ಷಿಕ ಸರಾಸರಿ ಘನಮೀಟರಿಗೆ 60, ದಿನದ್ದು 100 ಮೈಕ್ರೊಗ್ರಾಂ. ಇನ್ನೂ ಸಣ್ಣ ಕಣವಾದ ಪಿಎಂ 2.5ಕ್ಕೆ 40 ಮತ್ತು 60. ಕೇಂದ್ರ ಸರ್ಕಾರ ಅಧಿಸೂಚಿಸಿದ ಸೂಕ್ಷ್ಮ ಪ್ರದೇಶಕ್ಕೆ ಬೇರೆ ಕಾಲಂ ಇದೆ: ಅಲ್ಲಿ ಗಂಧಕದ ಡೈಆಕ್ಸೈಡ್‌ಗೆ ವಾರ್ಷಿಕ 50ರ ಬದಲು 20, ನೈಟ್ರೋಜನ್ ಡೈಆಕ್ಸೈಡ್‌ಗೆ 40ರ ಬದಲು 30. ಎಷ್ಟೋ ವರದಿಗಳಲ್ಲಿ ಧಾಮದ ಪಕ್ಕದ ಕೇಂದ್ರವನ್ನೂ ಸಾಮಾನ್ಯ ಕಾಲಮ್ಮಿಗೇ ಹೋಲಿಸಿರುತ್ತಾರೆ. ಆದರೆ ಧೂಳಿಗೆ ಎರಡೂ ಕಾಲಂ ಒಂದೇ. ನಮ್ಮ ಕಡೆಯ ದೊಡ್ಡ ತೊಂದರೆಯೇ ಧೂಳು, ಅದರಲ್ಲೇ ಕಾಡಿಗೆ ವಿಶೇಷ ರಕ್ಷಣೆ ಇಲ್ಲ. ಅದನ್ನು ಷರತ್ತಿನ ಮೂಲಕವೇ ಪಡೆಯಬೇಕು.

ಡಿಸಿಎಫ್ ಅವರನ್ನು ಒಂದು ಕೆಲಸ ಕೇಳಬಹುದು: ಎಲೆ ಮೇಲಿನ ಧೂಳಿನ ತೂಕ. ಮಳೆ ಬಿದ್ದು ಕನಿಷ್ಠ ಒಂದು ವಾರ ಆದಮೇಲೆ, ಕಾರ್ಖಾನೆಯಿಂದ ಬೇರೆ ಬೇರೆ ದೂರದ ಮೂರು ಜಾಗದಲ್ಲಿ ಒಂದೇ ಜಾತಿಯ ಗಿಡ, ಬಾರೆಯೋ ಕವಳೆಯೋ, ಎದೆಯೆತ್ತರದ ಎಲೆ ಕೀಳಬೇಕು. ಬಟ್ಟಿ ಇಳಿಸಿದ ನೀರಲ್ಲಿ ತೊಳೆದು, ಮೊದಲೇ ತೂಗಿಟ್ಟ ಸೋಸುಕಾಗದದಲ್ಲಿ ಸೋಸಿ, ಒಣಗಿಸಿ ಮತ್ತೆ ತೂಗಿ, ಎಲೆಯ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರುತ್ತದೆ. ಲಾರಿ ಓಡುವ ರಸ್ತೆ ಬದಿಯ ಗಿಡ ಬೇಡ, ಲೆಕ್ಕ ಕೆಡುತ್ತದೆ. ಇದು ಕೋರ್ಟಿನ ಮಾದರಿ ಅಲ್ಲ, ಆದರೆ ಅರಣ್ಯ ಇಲಾಖೆಯ ಅಭಿಪ್ರಾಯ ಪತ್ರದಲ್ಲಿ ಒಂದು ಅಂಕಿ ಕೂತರೆ ಪರಿಶೀಲನಾ ಸಮಿತಿ ಅದನ್ನು ದಾಟಿ ಹೋಗುವುದು ಕಷ್ಟ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ರಾಯಚೂರು):
ಮೇಡಂ/ಸರ್, ಅಮೆರಿಕದಲ್ಲಿ ಉದ್ಯಾನ ನೋಡಿಕೊಳ್ಳುವವರನ್ನೇ ಮೊದಲು ಕೇಳುತ್ತಾರಂತೆ, ಹೌದಾ?

ಉತ್ತರ (ವಕೀಲರು, ಬಳ್ಳಾರಿ):
ಹೌದಮ್ಮ. ಅಲ್ಲಿನ ವಾಯು ಕಾಯ್ದೆಯ 1977ರ ತಿದ್ದುಪಡಿಯಿಂದ 156 ದೊಡ್ಡ ಉದ್ಯಾನ ಮತ್ತು ವನ್ಯ ಪ್ರದೇಶಗಳು 'ಒಂದನೇ ದರ್ಜೆ'. ಅವುಗಳ ಮೇಲೆ ಪರಿಣಾಮ ಬೀರಬಹುದಾದ ದೊಡ್ಡ ಚಿಮಣಿಗೆ ಅರ್ಜಿ ಬಂದರೆ 30 ದಿನದೊಳಗೆ, ಸಾರ್ವಜನಿಕ ಆಲಿಕೆಗೆ ಕನಿಷ್ಠ 60 ದಿನ ಮೊದಲು, ಆ ಜಮೀನಿನ ಉಸ್ತುವಾರಿ ಇಲಾಖೆಗೆ ಪೂರ್ತಿ ಅರ್ಜಿ ತಲುಪಬೇಕು. 50 ಕಿ.ಮೀ. ಆಚೆಗಿನ ಘಟಕಕ್ಕೆ ಒಂದು ಜರಡಿ ಲೆಕ್ಕವಿದೆ: ವರ್ಷದ ಒಟ್ಟು ಮಾಲಿನ್ಯ ಟನ್‌ಗಳನ್ನು ಕಿ.ಮೀ. ದೂರದಿಂದ ಭಾಗಿಸಿ, 10 ಅಥವಾ ಕಡಿಮೆ ಬಂದರೆ ಸಾಮಾನ್ಯವಾಗಿ ಮುಂದಿನ ಅಧ್ಯಯನ ಕೇಳುವುದಿಲ್ಲ. 1,200 ಟನ್, 80 ಕಿ.ಮೀ. ಆದರೆ 15, ಅಧ್ಯಯನ ಬೇಕು. ನಮ್ಮಲ್ಲಿ ದೂರ ಮಾತ್ರ ನೋಡುತ್ತೇವೆ, ಹೊಗೆಯ ಪ್ರಮಾಣ ಆ ಲೆಕ್ಕದಲ್ಲಿ ಬರುವುದೇ ಇಲ್ಲ. 11 ಕಿ.ಮೀ. ದೂರದ ಭಾರೀ ಉಕ್ಕಿನ ಕಾರ್ಖಾನೆಗೆ ವನ್ಯಜೀವಿ ಕಡತ ಇಲ್ಲ, 9 ಕಿ.ಮೀ. ದೂರದ ಸಣ್ಣ ಘಟಕಕ್ಕೆ ಇದೆ. ಪ್ರಬಂಧಕ್ಕೆ ಒಳ್ಳೆಯ ವಿಷಯ.

ಪ್ರಶ್ನೆ (ಸಂಡೂರು, ಇನ್ನೊಬ್ಬರು):
ಅಹವಾಲು ಸಭೆಯಲ್ಲಿ ಎಲ್ಲರೂ ಕೂಗಾಡಿ ಬರ್ತೀವಿ, ಏನೂ ಆಗಲ್ಲ. ಏನು ಕೇಳಬೇಕು?

ಉತ್ತರ (ಪರಿಸರ ಎಂಜಿನಿಯರ್):
ಸಂಖ್ಯೆ ಇರುವ ಷರತ್ತು ಕೇಳಿ. "ಹೊಗೆ ಬರುತ್ತದೆ" ಅಂದರೆ "ಮಾನದಂಡ ಪಾಲಿಸುತ್ತೇವೆ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಗಂಟೆಗೆ 1 ಲಕ್ಷ ಘನಮೀಟರ್ ಅನಿಲ ಬಿಡುವ ಚಿಮಣಿ ಅಂದುಕೊಳ್ಳಿ. ಕಲ್ಲಿದ್ದಲು ಆಧಾರಿತ ಸ್ಪಾಂಜ್ ಐರನ್‌ಗೆ ಧೂಳಿನ ಮಿತಿ ಘನಮೀಟರಿಗೆ 100 ಮಿಲಿಗ್ರಾಂ. ಅಂದರೆ ಗಂಟೆಗೆ 10 ಕೆ.ಜಿ., ದಿನಕ್ಕೆ 240. ಧಾಮ ಹತ್ತಿರವಿದೆ, 30 ಮಿಲಿಗ್ರಾಂಗೆ ಇಳಿಸಿ ಎಂದರೆ ದಿನಕ್ಕೆ 72 ಕೆ.ಜಿ. ಆದರೆ ಇಎಸ್‌ಪಿ (ವಿದ್ಯುತ್ತಿನಿಂದ ಧೂಳು ಹಿಡಿಯುವ ಯಂತ್ರ) ಟ್ರಿಪ್ ಆಗಿ, ಬರ್ನಿಂಗ್ ಚೇಂಬರಿನ ಮೇಲಿನ ತುರ್ತು ಮುಚ್ಚಳ ತೆರೆದರೆ ಸೋಸದ ಅನಿಲ ನೇರ ಹೊರಗೆ. ಅದರಲ್ಲಿ ಘನಮೀಟರಿಗೆ 20 ಗ್ರಾಂ ಧೂಳು ಎಂದಿಟ್ಟುಕೊಂಡರೂ ಗಂಟೆಗೆ 2,000 ಕೆ.ಜಿ.; ಎಂಟು ದಿನದ ಕೋಟಾ ಒಂದೇ ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಮಿತಿ ಇಳಿಸುವುದಕ್ಕಿಂತ ಮೊದಲು ಕೇಳಬೇಕಾದ್ದು: ಮುಚ್ಚಳ ತೆರೆದರೆ ಕಿಲ್ನ್‌ಗೆ ಅದಿರು, ಕಲ್ಲಿದ್ದಲು ಹೋಗುವುದು ತಾನೇ ನಿಲ್ಲುವ ಇಂಟರ್‌ಲಾಕ್, ಮುಚ್ಚಳ ತೆರೆದ ಸಮಯ ದಾಖಲಾಗುವ ಸೆನ್ಸರ್, ಇಎಸ್‌ಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್. ರಾತ್ರಿ ಇಎಸ್‌ಪಿ ಆರಿಸಿದರೆ ಚಿಮಣಿಯ ಆನ್‌ಲೈನ್ ಮಾಪಕ ಏನೇ ತೋರಿಸಲಿ, ವಿದ್ಯುತ್ ಮೀಟರ್ ಮುಂದೆ ಓಡುವುದಿಲ್ಲ.

ಚಿಮಣಿ ಎತ್ತರವನ್ನೂ ನೀವೇ ಲೆಕ್ಕ ಹಾಕಬಹುದು. ದಿನಕ್ಕೆ 100 ಟನ್ ಕಲ್ಲಿದ್ದಲು, ಗಂಧಕ 0.6 ಶೇಕಡಾ ಆದರೆ ಗಂಧಕ 600 ಕೆ.ಜಿ.; ಅದಷ್ಟೂ ಉರಿದರೆ ಡೈಆಕ್ಸೈಡ್ 1,200 ಕೆ.ಜಿ., ಗಂಟೆಗೆ 50. ಸೂತ್ರ: 14 ಗುಣಿಸು ಆ 50ರ 0.3 ಘಾತ. ಸುಮಾರು 45 ಮೀಟರ್ ಬರುತ್ತದೆ. ವರದಿಯಲ್ಲಿ 30 ಮೀಟರ್ ಇದ್ದರೆ ಗಂಧಕ ಎಷ್ಟು ಹಿಡಿದಿದ್ದಾರೆ ಎಂದು ಕೇಳಿ. ಎತ್ತರದ ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ದೂರ ಒಯ್ಯುತ್ತದೆ. ಧಾಮ ಗಾಳಿಯ ಕೆಳದಿಕ್ಕಿನಲ್ಲಿದ್ದರೆ ಇದನ್ನೂ ಯೋಚಿಸಬೇಕು.

ಸಭೆಯ ಕ್ರಮ ಇಷ್ಟು: 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ವರದಿಯ ಸಾರಾಂಶ ಕನ್ನಡದಲ್ಲಿ ಇರಲೇಬೇಕು. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆ ಜಿಲ್ಲಾಧಿಕಾರಿ ಸಹಿ ಮಾಡಬೇಕು. ಜನ ಊಟಕ್ಕೆ ಎದ್ದು ಹೋಗುವುದು ಸರಿಯಾಗಿ ಆ ಹೊತ್ತಿಗೇ. ಇಬ್ಬರಾದರೂ ಕೂತು ನಿಮ್ಮ ಷರತ್ತು ಅದರಲ್ಲಿ ಬಂದಿದೆಯೇ ಕೇಳಿಸಿಕೊಳ್ಳಿ. ಬರಹದಲ್ಲಿ ಕೊಟ್ಟಿದ್ದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಪ್ರಶ್ನೆ (ಗಿಣಿಗೇರಾ, ಕೊಪ್ಪಳ):
ಈಗಾಗಲೇ ಓಡಾಕತ್ತಿರೋ ಕಾರ್ಖಾನಿಗೆ ಏನ್ ದಾರಿ ಐತ್ರಿ?

ಉತ್ತರ (ವಕೀಲರು, ಬಳ್ಳಾರಿ):
ವಾಯು ಕಾಯ್ದೆ 21(6)ರ ಪ್ರಕಾರ ಮಂಡಳಿ ಕಾರ್ಖಾನೆಯ ಮಾತು ಕೇಳಿ ಸಮ್ಮತಿಯ ಷರತ್ತು ಬದಲಿಸಬಹುದು. ಮೇಲಿನ ಇಂಟರ್‌ಲಾಕ್, ಮೀಟರ್ ಎರಡನ್ನೂ ಅದರಡಿ ಕೇಳಿರಿ. ಇಸಿ ಇರುವ ಘಟಕ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲಿಸಿದ ಬಗ್ಗೆ ಅನುಪಾಲನಾ ವರದಿ ಕೊಡಬೇಕು. ಮಾಹಿತಿ ಹಕ್ಕಿನಲ್ಲಿ ಕೇಳುವಾಗ ನಮ್ಮ ರಾಜ್ಯದ ನಿಯಮ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ. ಅನುಪಾಲನಾ ವರದಿಗೆ ಒಂದು ಅರ್ಜಿ, ಇಎಸ್‌ಪಿ ಮೀಟರ್ ದಾಖಲೆಗೆ ಇನ್ನೊಂದು.

ಸಮ್ಮತಿ ಆದೇಶದ ಮೇಲೆ ಮೇಲ್ಮನವಿಗೆ 30 ದಿನ, ರಾಜ್ಯದ ಮೇಲ್ಮನವಿ ಪ್ರಾಧಿಕಾರಕ್ಕೆ. ಇಸಿ ಮೇಲೆ ಆದರೆ ಚೆನ್ನೈನ ಹಸಿರು ನ್ಯಾಯಪೀಠಕ್ಕೆ, ಅಲ್ಲಿಯೂ 30 ದಿನ; ಸಕಾರಣ ಇದ್ದರೆ ಇನ್ನೂ 60 ದಿನದವರೆಗೆ ವಿಳಂಬ ಮನ್ನಾ ಮಾಡಬಹುದು. 91ನೇ ದಿನ ಯಾರ ಕೈಲೂ ಏನೂ ಇಲ್ಲ. ಆದೇಶ ಜಾಲತಾಣದಲ್ಲಿ ಹಾಕಿದ ದಿನದ ಪರದೆಯ ಚಿತ್ರ, ದಿನಾಂಕ ಕಾಣುವ ಹಾಗೆ, ತೆಗೆದಿಟ್ಟುಕೊಳ್ಳಿರಿ.